ಹಿಂಬಾಗಿಲಿನ ಬೀಗ ಮತ್ತು ವ್ಯಾಪಾರದ ಷರತ್ತು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮರಾಠಿ ಸೀಮೆಯ ಖರಾಡಿಯ ಒಂದು ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವ ಕೆಲಸ ಮಾಡುತ್ತಿದ್ದೆ. ನಾವು ಹೊಲಿದ ಅಂಗಿಗಳೆಲ್ಲ ಪರದೇಶಕ್ಕೆ ಹೋಗುತ್ತಿದ್ದವು. ಅರಿವೆ ಕಳುವಾಗುತ್ತದೆಂಬ ನೆಪದಲ್ಲಿ ಶೆಡ್ಡಿನ ಹಿಂಬಾಗಿಲಿಗೆ ವರ್ಷವಿಡೀ ಬೀಗ. ಒಮ್ಮೆ ಇಸ್ತ್ರಿ ಮೇಜಿಗೆ ಬೆಂಕಿ ತಗುಲಿ ಒಳಗೆಲ್ಲ ಹೊಗೆ ತುಂಬಿದಾಗ, ನನ್ನ ಪಕ್ಕದ ಯಂತ್ರದಲ್ಲಿ ಹೊಲಿಯುತ್ತಿದ್ದ ಯಾದಗಿರಿ ಕಡೆಯ ಗೆಳತಿ ಆ ಬಾಗಿಲನ್ನು ಬಡಿಯುತ್ತಲೇ ಎಚ್ಚರ ತಪ್ಪಿ ಬಿದ್ದಳು. ಅವಳು ಉಳಿದಳು. ಬೀಗವೂ ಉಳಿಯಿತು.

ಆಗ ಪತ್ರಿಕೆಗಳಲ್ಲಿ ಒಂದು ಚರ್ಚೆ ನಡೆದಿತ್ತು: ದೇಶ ದೇಶಗಳ ವ್ಯಾಪಾರ ಒಪ್ಪಂದಗಳಿಗೆ ಮನುಷ್ಯರ ಹಕ್ಕಿನ ಷರತ್ತುಗಳನ್ನು ಜೋಡಿಸಬೇಕೇ, ಬೇಡವೇ? ಇದು ನಮ್ಮ ಕಾರ್ಖಾನೆಗಳನ್ನು ಮುಚ್ಚಿಸಲು ಶ್ರೀಮಂತ ದೇಶಗಳು ಹೂಡಿದ ತಂತ್ರವೆಂದು ಮಾಲೀಕರು ಹೇಳಿದರು. ಗೇಟಿನ ಹೊರಗೆ ಭಾಷಣ ಮಾಡಿದ ಕಾರ್ಮಿಕ ಮುಖಂಡರೂ ಅದನ್ನೇ ಹೇಳಿದರು. ಬೇರೆ ಯಾವ ವಿಷಯದಲ್ಲೂ ಒಮ್ಮತಕ್ಕೆ ಬಾರದ ಇವರಿಬ್ಬರು ಇದೊಂದರಲ್ಲಿ ಕೂಡಿದ್ದೇ ನನ್ನ ಅನುಮಾನಕ್ಕೆ ಕಾರಣವಾಯಿತು. ಏಳನೆಯ ತರಗತಿಗೆ ಶಾಲೆ ಬಿಟ್ಟು, ನಿಘಂಟು ಹಿಡಿದು ಇಂಗ್ಲಿಷ್ ಕಲಿತವಳು ನಾನು. ಭಾನುವಾರಗಳಂದು ವಾಚನಾಲಯದಲ್ಲಿ ಕುಳಿತು ನಾನೇ ಓದಿದೆ. ನಮ್ಮ ಅಂಗಿ ಕೊಳ್ಳುವ ದೇಶ ಆಮದು ಸುಂಕದಲ್ಲಿ ರಿಯಾಯಿತಿ ಕೊಡುತ್ತಿತ್ತು. ಕೆಲಸಗಾರರ ಹಕ್ಕನ್ನು ತುಳಿದರೆ ಆ ರಿಯಾಯಿತಿಯನ್ನು ಹಿಂತೆಗೆದುಕೊಳ್ಳಬಹುದಿತ್ತು. ಆ ಸಾಲನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದೇ ನಿಂತಿದ್ದೆ!

ಮರುದಿನ ಇದನ್ನು ಹೇಳಿದಾಗ ಗೆಳತಿ ನಕ್ಕಳು. “ಅಕ್ಕಾ, ಓದಿ ಓದಿ ನಿನ್ನ ತಲಿ ಕೆಟ್ಟದ. ಪರದೇಶದ ಕಾಗದ ಬಂದು ನಮ್ಮ ಕೀಲಿ ತೆಗಿತದೇನ?”

“ಕಾಗದ ತೆಗ್ಯಾಂಗಿಲ್ಲ. ನಾವ ತೆಗಿಸಬೇಕು,” ಎಂದೆ.

ದೀಪಾವಳಿ ಕಳೆದ ಮೇಲೆ ಕೊಳ್ಳುವವರ ಕಡೆಯಿಂದ ಒಬ್ಬ ವಿದೇಶಿ ತಪಾಸಣೆಗಾರ್ತಿ ಮರಾಠಿ ದುಭಾಷಿಯೊಡನೆ ಬಂದಳು. ಬೆಳಿಗ್ಗೆಯೇ ಬೀಗ ಮಾಯವಾಗಿತ್ತು. ಬಾಗಿಲು ದಿನವೂ ತೆರೆದೇ ಇರುತ್ತದೆಂದು ನಮ್ಮ ಮ್ಯಾನೇಜರು ಗಂಭೀರವಾಗಿ ವಿವರಿಸಿದರು. ಆಗ ನನ್ನ ಕಣ್ಣು ಕದಗಳ ಮೇಲೆ ಹೋಯಿತು. ಖಂಡೇನವಮಿಯಂದು ಯಂತ್ರಗಳಿಗೆ ಪೂಜೆ ಮಾಡಿದಾಗ ಕಟ್ಟಿದ್ದ ಚೆಂಡುಹೂವಿನ ಹಾರ ಒಂದು ಕದದ ಹಿಡಿಕೆಯಿಂದ ಇನ್ನೊಂದರ ಹಿಡಿಕೆಗೆ ಬಿಗಿದಂತೆಯೇ ಇತ್ತು. ಬೀಗ ತೆಗೆದವರು ದೇವರ ಹಾರಕ್ಕೆ ಕೈ ಹಚ್ಚಲು ಅಂಜಿದ್ದರು. ಹೂ ಒಣಗಿ ಮುದುಡಿತ್ತು. ದಾರ ಮಾತ್ರ ಎಲ್ಲೂ ಹರಿದಿರಲಿಲ್ಲ. ತಪಾಸಣೆಗಾರ್ತಿ ಅದನ್ನು ಅಲಂಕಾರವೆಂದು ಭಾವಿಸಿ ಮುಗುಳ್ನಕ್ಕು ಮುಂದೆ ನಡೆದಳು.

ಕೆಲಸ ಹೋದರೂ ಹೋಗಲೆಂದು ಎದ್ದೆ. ಆ ಹಾರ ಕಟ್ಟಿದ್ದು ಯಾವ ಹಬ್ಬಕ್ಕೆಂದು ಮ್ಯಾನೇಜರನ್ನು ಕೇಳಿರಿ ಎಂದು ದುಭಾಷಿಗೆ ಮರಾಠಿಯಲ್ಲಿ ಹೇಳಿದೆ.

ಬಾಗಲಕೋಟೆಯವರಾದ ಮ್ಯಾನೇಜರು ಕನ್ನಡದಲ್ಲಿ ಪಿಸುಗುಟ್ಟಿದರು: “ಅಕ್ಕಾರ, ಸುಮ್ನ ಕುಂದರ್ರಿ. ಕಾರ್ಖಾನಿ ಬಂದಾದ್ರ ಏನ್ ಉಣ್ಣೂದ್ರಿ?”

“ಬಾಗಿಲಾ ತೆಗದ್ರ ಕಾರ್ಖಾನಿ ಹೆಂಗ ಬಂದಾಗ್ತದ್ರಿ ಸಾಹೇಬ್ರ?”

“ಅದು ದಿನಾ ತೆಗದ ಇರ್ತದ!”

“ಹಾರ ಹರೀಲಾರದ ದಿನಾ ಹೆಂಗ ತೆಗದ್ರಿ? ಅದೊಂದು ಹೇಳಿಕೊಡ್ರಿ, ನಾವೂ ಕಲೀತೀವಿ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು; ಮರುಕ್ಷಣ ನಮ್ಮ ಕಡೆಯವರೇ ತುಂಬಿದ್ದ ಇಡೀ ಶೆಡ್ ನಗುತ್ತಿತ್ತು. ಹಾರ ದೀಪಾವಳಿಗೂ ಹಿಂದಿನ ಹಬ್ಬದ್ದೆಂದು ದುಭಾಷಿಯಿಂದ ತಿಳಿದ ತಪಾಸಣೆಗಾರ್ತಿ ಹಿಂತಿರುಗಿ ಬಂದು, ದಾರವನ್ನು ಬೆರಳಿನಿಂದ ಮುಟ್ಟಿ, ಬಾಗಿಲು ತೆರೆಯುವಂತೆ ಮ್ಯಾನೇಜರಿಗೆ ಸನ್ನೆ ಮಾಡಿದಳು. ಅವರು ಹಾರವನ್ನು ಬಿಚ್ಚಿ ಕಣ್ಣಿಗೊತ್ತಿಕೊಂಡು ಕದ ತಳ್ಳಿದರು. ಅದು ಅಲುಗಲಿಲ್ಲ. ನಾವು ಏಳೆಂಟು ಹೆಂಗಸರು ಹೆಗಲು ಕೊಟ್ಟೆವು. ತುಕ್ಕು ಹಿಡಿದ ತಿರುಗಣಿ ಕಿರುಚಿತು. ಬಿಸಿಲು ಒಳಗೆ ನುಗ್ಗಿತು!

ಕೆಲಸದ ವೇಳೆಯಲ್ಲಿ ಅಲ್ಲಿ ಮತ್ತೆ ಬೀಗ ಬೀಳಕೂಡದೆಂಬ ಷರತ್ತಿನೊಡನೆಯೇ ಮುಂದಿನ ಆರ್ಡರ್ ಬಂತು. ಅಂಥ ಷರತ್ತುಗಳು ಪರದೇಶದವರ ಕರುಣೆಯೆಂದು ಕೆಲವರು, ಬರೀ ಸ್ವಾರ್ಥವೆಂದು ಕೆಲವರು ಇಂದಿಗೂ ವಾದಿಸುತ್ತಾರೆ. ನಾನು ಎರಡನ್ನೂ ಪೂರ್ತಿ ನಂಬಿದವಳಲ್ಲ. ಗೆಳತಿ ಮಾತ್ರ ಬಾಗಿಲು ತೆರೆದ ಆ ಮಧ್ಯಾಹ್ನವೇ ಯಾರನ್ನೂ ಕೇಳದೆ ತನ್ನ ಯಂತ್ರವನ್ನು ದರದರ ಎಳೆದುಕೊಂಡು ಹೋಗಿ ಬಾಗಿಲ ಪಕ್ಕಕ್ಕೆ ಇಟ್ಟಳು.

“ಬಾ ಅಕ್ಕಾ, ಇಲ್ಲಿ ಗಾಳಿ ಭಾಳ ಚಂದ ಬರ್ತದ.”