ಚಂದ್ರನನ್ನು ನೆಟ್ಟಗೆ ನಿಲ್ಲಿಸಿದ್ದು

ಗರಿಯಾಹಾಟಿನ ಗಲ್ಲಿಗಳಲ್ಲಿ ನಡೆಯುವವನು ತಲೆಯೆತ್ತಿ ನೋಡುವುದು ಒಂದೇ ಕಾರಣಕ್ಕೆ: ಮೇಲಿನ ಬಾಲ್ಕನಿಯಲ್ಲಿ ಒಣಹಾಕಿದ ಸೀರೆ ಇನ್ನೂ ತೊಟ್ಟಿಕ್ಕುತ್ತಿದೆಯೇ ಎಂದು. ಹದಿನಾರು ವರ್ಷಗಳ ಕೋಲ್ಕತ್ತಾವಾಸದಲ್ಲಿ ನಾನು ಗಳಿಸಿದ ಗಗನಜ್ಞಾನ ಅಷ್ಟೇ. ಮೂರನೇ ತರಗತಿಯ ಖಗೋಳಶಾಸ್ತ್ರಕ್ಕೆ ಇದು ಧಾರಾಳವಾಯಿತೆಂದು ನಂಬಿದ್ದೆ. ನಿಮ್ಮ ಮನೆಯಲ್ಲೂ ಶಾಲೆಗೆ ಹೋಗುವ ಮಗುವಿದ್ದರೆ, ಓದುಗ ಮಹಾಶಯರೇ, ಇಂಥ ನಂಬಿಕೆಗಳ ಆಯುಷ್ಯ ಎಷ್ಟೆಂದು ನಿಮಗೇ ಗೊತ್ತು.

ಮಗಳು ಮೇದಿನಿಗೆ ಈ ಏಪ್ರಿಲ್‌ನಲ್ಲಿ ಒಂದು ಚಟುವಟಿಕೆ ಕೊಟ್ಟರು. ಅಮಾವಾಸ್ಯೆ ಕಳೆದು ಚಂದ್ರ ಕಂಡ ದಿನದಿಂದ ಏಳು ಸಂಜೆ ಅವನನ್ನು ನೋಡಿ, ಕಂಡಂತೆ ಏಳು ಚೌಕಗಳಲ್ಲಿ ಬರೆಯಬೇಕು. ಆಮೇಲೆ ಅದನ್ನು ತರಗತಿಯ ಗೋಡೆಗೆ ಅಂಟಿಸುತ್ತಾರೆ. ಗೋಡೆ ಎಂದದ್ದೇ ತಡ, ನನಗೆ ಭಯ ಶುರುವಾಯಿತು. ಸೆಕ್ಟರ್ ಫೈವ್‌ನ ಕಚೇರಿಯೊಂದರಲ್ಲಿ ಪರರ ಕಡತಗಳ ತಪ್ಪು ಹುಡುಕಿ ಹೊಟ್ಟೆ ಹೊರೆಯುವವನ ಮಗಳು ನಾಲ್ಕು ಜನರೆದುರು ತಪ್ಪು ಮಾಡುವುದುಂಟೇ! ಎರಡನೆಯ ದಿನ ಹಾಳೆ ತೆಗೆದು ನೋಡಿದರೆ ಭಯ ನಿಜವಾಗಿತ್ತು. ಪಠ್ಯಪುಸ್ತಕದಲ್ಲಿ ಸಭ್ಯನಂತೆ ನೆಟ್ಟಗೆ ನಿಂತಿದ್ದ ಚಂದ್ರ ಇವಳ ಎರಡೂ ಚೌಕಗಳಲ್ಲಿ ದೋಣಿಯಂತೆ ಅಂಗಾತ ಬಿದ್ದಿದ್ದ.

"ಅದು ಹಾಗೇ ಇತ್ತು ಪಪ್ಪಾ. ಬೋಟ್ ಥರ."

"ಚಂದ್ರ ಹಂಗೆಲ್ಲ ಮಲಗಲ್ಲ ಪುಟ್ಟಾ. ಬುಕ್ ನೋಡು," ಎಂದು ಎರಡನ್ನೂ ಅಳಿಸಿ, ಸ್ಟೀಲ್ ಲೋಟದ ಅಂಚಿಟ್ಟು, ಎರಡು ನಿರ್ದುಷ್ಟ ಚಂದ್ರರನ್ನು ಲಂಬವಾಗಿ ಪ್ರತಿಷ್ಠಾಪಿಸಿದೆ.

ಧಾರವಾಡದವಳಾದ ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು: "ಅಕಿ ನೋಡಿ ಬರದಾಳ್ರೀ. ನೀವು ನೋಡೀರೇನು?"

ಉತ್ತರಿಸುವುದು ನನ್ನ ಘನತೆಗೆ ತಕ್ಕುದಲ್ಲವೆಂದು ಲೋಟವನ್ನು ಅದರ ಜಾಗಕ್ಕಿಟ್ಟೆ. ಆದರೆ ಆ ಪ್ರಶ್ನೆ ಹಲ್ಲಿನ ಸಂದಿಯ ಅಡಿಕೆಚೂರಿನಂತೆ ಮರುದಿನವೆಲ್ಲ ಕಾಡಿತು. ಸಂಜೆ ಮನೆಗೆ ಬಂದವನೇ ಬೂಟು ಕೂಡ ಬಿಚ್ಚದೆ ಮಾಳಿಗೆ ಹತ್ತಿದೆ. ಎರಡು ಕಟ್ಟಡಗಳ ನಡುವೆ ಆ ಮಹಾನುಭಾವ ಕೊಂಬುಗಳೆರಡನ್ನೂ ಮೇಲೆತ್ತಿ, ನಿಶ್ಚಿಂತೆಯಿಂದ, ಅಂಗಾತ ಮಲಗಿದ್ದ! ಪುಸ್ತಕದ ಚಿತ್ರವನ್ನು ಉತ್ತರದ ಯಾವುದೋ ಚಳಿನಾಡಿನಲ್ಲಿ ಕೂತು ಬರೆದಿರಬೇಕು. ಅಲ್ಲಿ ಅವನು ನಿಲ್ಲುತ್ತಾನೋ ಏನೋ.

ತಪ್ಪೊಪ್ಪಿಗೆಯನ್ನು ಮನಸ್ಸಿನಲ್ಲೇ ಜೋಡಿಸುತ್ತ ಕೆಳಗಿಳಿದು ಬಂದೆ. ಮೂರನೆಯ ಚೌಕ ಆಗಲೇ ತುಂಬಿತ್ತು. ಲೋಟದ ಅಂಚಿನ ಗೆರೆ. ಚಂದ್ರ ನೆಟ್ಟಗೆ ನಿಂತಿದ್ದ.

"ಛಾದ್‌ಗೆ ಯಾವಾಗ ಹೋಗಿದ್ದೆ?" ಮಾಳಿಗೆಗೆ ನಮ್ಮ ಮನೆಯಲ್ಲೂ ಈಗ ಬಂಗಾಳಿ ಹೆಸರೇ.

"ಹೋಗ್ಲಿಲ್ಲ. ಬುಕ್ಕಲ್ಲಿ ಇದೆಯಲ್ಲಾ. ನೀನೂ ನೋಡ್ದೇ ತಾನೇ ಬರೆದಿದ್ದು?"

ವ್ಯಂಗ್ಯವಿರಲಿಲ್ಲ, ಇದ್ದಿದ್ದರೆ ಸಹಿಸಬಹುದಿತ್ತು. ಕೈಹಿಡಿದು ಮೇಲಕ್ಕೆ ಕರೆದೊಯ್ದೆ. "ನಾನ್ ಹೇಳಿರ್ಲಿಲ್ವಾ!" ಎಂದು ಕುಣಿದಳು. ಮೂರನೆಯ ಚಂದ್ರನನ್ನು ತಿದ್ದಿದಳು. ಮೊದಲಿನ ಎರಡನ್ನೂ ಹಾಗೇ ಬರೆದುಬಿಡು ಎಂದರೆ ಆಗುವುದಿಲ್ಲವೆಂದು ತಲೆಯಾಡಿಸಿದಳು.

"ಹೇಗೆ ಬರೀಲಿ? ಎಷ್ಟು ದಪ್ಪ ಇತ್ತು ಅಂತ ಮರೆತೋಯ್ತು. ಆ ದಿನ ಮುಗೀತಲ್ಲ ಪಪ್ಪಾ."

ನನ್ನ ಎರಡು ಚಂದ್ರರನ್ನು ಒರೆಸಿ, ಖಾಲಿ ಚೌಕಗಳ ಕೆಳಗೆ ಇಂಗ್ಲಿಷಿನಲ್ಲಿ ಬರೆದಳು: ನಾನು ನೋಡಿದ್ದೆ, ಪಪ್ಪಾ ಅಳಿಸಿದರು. ಪುಟದ ಕೊನೆಗೆ ಪೋಷಕರ ಸಹಿಗೊಂದು ಗೆರೆ. ಪೆನ್ನು ಚಾಚಿದಳು.

"ಮಾಡ್ರೀ," ಎಂದಳು ಹೆಂಡತಿ, "ಸುಳ್ಳೇನ್ ಬರದಿಲ್ಲಲಾ."

ಮಾಡಿದೆ. ಮರುದಿನ ಸಂಜೆ ಮನೆಗೆ ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಳವಳ: ಹೋಗಿ ನೋಡುವಳೋ, ಪುಸ್ತಕ ತೆರೆಯುವಳೋ? ಮನೆಯಲ್ಲಿ ಮಗಳಿಲ್ಲ, ಹಾಳೆಯೂ ಇಲ್ಲ. ಏದುಸಿರು ಬಿಡುತ್ತ ಮೇಲೆ ಹೋದರೆ, ನೀರಿನ ಟ್ಯಾಂಕಿಗೊರಗಿ ಒಮ್ಮೆ ಆಕಾಶವನ್ನೂ ಒಮ್ಮೆ ಹಾಳೆಯನ್ನೂ ನೋಡುತ್ತಿದ್ದಳು. ಅವಳ ಗೆರೆ ಸ್ವಲ್ಪ ಸೊಟ್ಟಗಿತ್ತು. ನಾನು ಎರಡೂ ಕೈಗಳನ್ನು ಜೇಬಿನೊಳಗೆ ತುರುಕಿ ಪಕ್ಕದಲ್ಲಿ ನಿಂತೆ.