ಗಂಜಿಯ ಬ್ರದರ್ ಸಿಪ್ರಿಯನ್

ಬ್ರದರ್ ಸಿಪ್ರಿಯನ್ ನಕ್ಕರೆ ಒಸಾಕಾದ ಸಬ್‌ವೇಯಲ್ಲಿ ಇಡೀ ಬೋಗಿಯೇ ತಿರುಗಿ ನೋಡುತ್ತಿತ್ತು. ಕಂದು ನಿಲುವಂಗಿ, ಸೊಂಟಕ್ಕೆ ಹಗ್ಗ, ಚಳಿಗಾಲದಲ್ಲೂ ಬರೀ ಚಪ್ಪಲಿ. ಯಾರೂ ತುಟಿ ಬಿಚ್ಚದ ಆ ರೈಲಿನಲ್ಲಿ ಈ ಮಂಗಳೂರಿನ ಸನ್ಯಾಸಿ ಗಹಗಹಿಸಿ ನಕ್ಕು, ಆಮೇಲೆ ಸುತ್ತಲಿದ್ದವರಿಗೆಲ್ಲ "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತ ತಲೆಬಾಗುತ್ತಿದ್ದರು. ನಮ್ಮ ಪರಿಚಯವಾದದ್ದೂ ಅಲ್ಲಿಯೇ. ನಾನು ಮಗಳನ್ನು ಕನ್ನಡದಲ್ಲಿ ಗದರುತ್ತಿದ್ದೆ, ಅವಳು ಜಪಾನಿಯಲ್ಲಿ ಎದುರುತ್ತರ ಕೊಡುತ್ತಿದ್ದಳು. ಎದುರು ಸೀಟಿನಿಂದ ನಗು ಸಿಡಿಯಿತು.

"ಬೈಯಿರಿ ಅಮ್ಮ, ಇನ್ನೂ ಸ್ವಲ್ಪ ಬೈಯಿರಿ. ಕನ್ನಡ ಕೇಳದೆ ಎಷ್ಟು ಸಮಯ ಆಯ್ತು ಗೊತ್ತುಂಟಾ!"

ಭಿಕ್ಷೆ ಬೇಡಿ ಬದುಕುತ್ತೇವೆಂದು ನೂರಾರು ವರ್ಷಗಳ ಹಿಂದೆ ಯುರೋಪಿನಲ್ಲಿ ಹೊರಟ ಕ್ರೈಸ್ತ ಸನ್ಯಾಸಿಗಳ ಸಭೆ ಅವರದು. ಒಸಾಕಾದ ಅವರ ಮಠದ ಹಜಾರದ ಗೋಡೆಯ ಮೇಲೆ ಆ ಸಭೆಯ ಸಂತರು, ಪಂಡಿತರು ಚಿತ್ರಗಳಲ್ಲಿ ಸಾಲಾಗಿ ನಿಂತಿದ್ದರು. ಆ ಚಿತ್ರಗಳ ಕೆಳಗೆ ಬ್ರದರ್ ನೆಲ ಒರೆಸುತ್ತ, "ಇವರೆಲ್ಲ ದೊಡ್ಡ ಜನ ಮಾರಾಯ್ರೆ, ನಾನು ಗಂಜಿಯವ" ಎನ್ನುತ್ತಿದ್ದರು.

ನಿಜಕ್ಕೂ ಗಂಜಿಯವರೇ. ಕೂಲಿ ತಪ್ಪಿಹೋಗಿ ಸೇತುವೆಯಡಿ ಮಲಗುವ ಮುದುಕರಿಗೆ ಪ್ರತಿ ಶನಿವಾರ ಮಠದ ಹಿತ್ತಿಲಲ್ಲಿ ಗಂಜಿ ಬಡಿಸುತ್ತಿದ್ದರು. ನಾನೂ ಸೌಟು ಹಿಡಿಯಲು ಹೋಗತೊಡಗಿದೆ. ಮೋರಿ-ಸಾನ್ ಎಂಬ ಮುದುಕ ನಾಚಿಕೆಯಿಂದ ಮುಖವನ್ನೇ ಎತ್ತುತ್ತಿರಲಿಲ್ಲ. ಬ್ರದರ್ ಅವನಿಗಿಂತ ಕೆಳಗೆ ಬಗ್ಗಿ, ಎರಡೂ ಕೈಯಲ್ಲಿ ಬಟ್ಟಲು ಕೊಡುತ್ತಿದ್ದರು. "ಅವರು ನಮ್ಮಲ್ಲಿಗೆ ಊಟಕ್ಕೆ ಬಂದದ್ದಲ್ವಾ? ಮತ್ತೆ ಬಗ್ಗಬೇಕಾದ್ದು ಯಾರು?"

ಪಕ್ಕದಲ್ಲಿ ಹೊಸ ಅಪಾರ್ಟ್‌ಮೆಂಟ್ ಎದ್ದಿತು. ಗಂಜಿಗೆ ನಿಲ್ಲುವ ಈ ಮುದುಕರ ಸಾಲು ಕಣ್ಣಿಗೆ ಚೆನ್ನಾಗಿಲ್ಲ ಎಂದು ಅಲ್ಲಿಯವರು ಬಹಳ ವಿನಯದಿಂದ ದೂರು ಕೊಟ್ಟರು. ಮಠದ ಹಿರಿಯರು ಅಷ್ಟೇ ವಿನಯದಿಂದ ಅಡುಗೆಮನೆ ಮುಚ್ಚಿಸಿ, ಬ್ರದರನ್ನು ಒಕಾಜಾಕಿಯ ವೃದ್ಧ ಸನ್ಯಾಸಿಗಳ ಮನೆಗೆ ವರ್ಗ ಮಾಡಿದರು.

"ಆಗೋದಿಲ್ಲ ಅನ್ನಿ ಬ್ರದರ್! ಪಾರ್ಕಿನಲ್ಲಿ ಒಲೆ ಹೂಡೋಣ" ಎಂದೆ.

"ವಿಧೇಯತೆಯ ವ್ರತ ತಗೊಂಡವ ನಾನು. ಮನಸ್ಸಿಗೆ ಬಂದಾಗ ಮಾತ್ರ ವಿಧೇಯನಾದರೆ ಅದು ಎಂತ ವ್ರತ?" ಎಂದರು. ನನಗೆ ಅವರ ಮೇಲೂ ಸಿಟ್ಟು ಬಂತು.

ಆ ಚಳಿಗಾಲದಲ್ಲಿ ಮೋರಿ-ಸಾನ್ ಸೇತುವೆಯಡಿಯಲ್ಲೇ ತೀರಿಕೊಂಡ. ಹೇಳಲು ನಾನೇ ಒಕಾಜಾಕಿಗೆ ಹೋದೆ. ಬ್ರದರ್ ಸೊರಗಿ ಕುರ್ಚಿಯಲ್ಲಿ ಕೂತಿದ್ದರು.

"ಹಸಿದಿದ್ದರಾ?" ಎಂದು ಕೇಳಿದರು.

"ಗೊತ್ತಿಲ್ಲ ಬ್ರದರ್."

"ವ್ರತ ನನ್ನದು. ಉಪವಾಸ ಬಿದ್ದದ್ದು ಅವರು" ಎಂದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಕೆಲವೇ ವಾರಗಳಲ್ಲಿ ಬ್ರದರ್ ಕೂಡ ತೀರಿಕೊಂಡರು. ಒಸಾಕಾದ ಮಠದಲ್ಲಿ ಅವರ ಸ್ಮರಣೆಯ ಪೂಜೆ ನಡೆಯಿತು. ಅದೇ ಹಿರಿಯರು ಅವರನ್ನು "ಬಡವರ ಬಂಧು, ನಮ್ಮ ಸಭೆಯ ಹೆಮ್ಮೆ" ಎಂದು ಹೊಗಳಿ, ನನಗೂ ಎರಡು ಮಾತಾಡಲು ಹೇಳಿದರು. ನಾನು ಎದ್ದು ನಿಂತೆ. "ಅವರ ಒಲೆ ಆರಿಸಿದವರು ನೀವು. ಆ ನೋವಿನಲ್ಲೇ ಅವರು ಹೋದರು" ಎಂದು ನನ್ನ ಹರಕುಮುರುಕು ಜಪಾನಿಯಲ್ಲಿ ಹೇಳಿದೆ.

ಎಲ್ಲರಿಗೂ ಅರ್ಥವಾಯಿತು. ಹಿರಿಯರು ಸೊಂಟ ಬಾಗಿಸಿ ನಮಸ್ಕರಿಸಿ, "ಅರಿಗಾತೋ ಗೊಜಾಯಿಮಾಸ್" ಎಂದು ಧನ್ಯವಾದ ಹೇಳಿದರು. ಆಮೇಲೆ ಮುಂದಿನವರನ್ನು ಮಾತಾಡಲು ಕರೆದರು.