ಬಿಟ್ಟಿ ಹೊಲಿಗೆ

ನನ್ನ ಅಕ್ಕನ ಗಂಡ ಸೋಫಾ ರಿಪೇರಿ ಮಾಡುತ್ತಾನೆ. ಎದುರಿಗೆ ‘ಭಾವ, ನೀವು’ ಎನ್ನುತ್ತೇನೆ. ಇಲ್ಲಿ ಅಷ್ಟು ಮರ್ಯಾದೆ ಕೊಡಲು ಮನಸ್ಸಿಲ್ಲ. ಕೈಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಅದನ್ನು ಒಪ್ಪಿಕೊಳ್ಳುವಾಗಲೂ ನನಗೆ ಹೊಟ್ಟೆ ಉರಿಯುತ್ತದೆ. ಕುಸಿದ ಸೋಫಾದ ಮೇಲೆ ಒಮ್ಮೆ ಕೂತೆದ್ದರೆ ಸಾಕು, ಯಾವ ಸ್ಪ್ರಿಂಗ್ ಸತ್ತಿದೆ ಎಂದು ಹೇಳುತ್ತಾನೆ. ತನ್ನ ಅಂಗಡಿ ಎಲ್ಲಿ ಕುಸಿಯುತ್ತಿದೆ ಎಂಬುದು ಮಾತ್ರ ಆ ಮಹಾನುಭಾವನಿಗೆ ಗೊತ್ತಿರಲಿಲ್ಲ.

ಬಟ್ಟೆಗೆ ಇಷ್ಟು, ಫೋಮಿಗೆ ಇಷ್ಟು, ಮೊಳೆ ಗೋಂದಿಗೆ ಇಷ್ಟು, ತನ್ನ ಕೂಲಿ ಇಷ್ಟು ಎಂದು ಕೂಡಿಸಿ ಗಿರಾಕಿಗೆ ರೇಟು ಹೇಳುತ್ತಿದ್ದ. ಆದರೆ ಕವರುಗಳನ್ನೆಲ್ಲ ಹೊಲಿಯುತ್ತಿದ್ದವಳು ಅಕ್ಕ. ಅಡುಗೆಮನೆಯ ಬಾಗಿಲ ಪಕ್ಕ ನಮ್ಮಮ್ಮ ಅವಳಿಗೆ ಕೊಟ್ಟ ಹೊಲಿಗೆ ಮಿಷನ್ ಇತ್ತು. ಒಲೆಯ ಮೇಲೆ ಬೇಳೆ ಬೇಯುವಾಗ ಪೆಡಲ್ ತುಳಿಯುತ್ತಿದ್ದಳು. ದಪ್ಪ ರೆಕ್ಸಿನ್ ಎಳೆದೆಳೆದು ಅವಳ ಹೆಬ್ಬೆರಳು ಜಡ್ಡುಗಟ್ಟಿತ್ತು. ಆ ದುಡಿಮೆ ಅವನ ಲೆಕ್ಕದಲ್ಲೇ ಇರಲಿಲ್ಲ. ಹಾಗಾಗಿ ಅವನ ರೇಟು ಎಲ್ಲರಿಗಿಂತ ಕಡಿಮೆ, ಗಿರಾಕಿಗಳು ಮುಗಿಬೀಳುತ್ತಿದ್ದರು, ತಿಂಗಳ ಕೊನೆಗೆ ಮನೆಯ ಎಣ್ಣೆ ಡಬ್ಬಿ ಬೋರಲು.

ನನ್ನದು ಗುಂಡಿ, ದಾರ, ಜಿಪ್ಪು ಮಾರುವ ಸಣ್ಣ ಅಂಗಡಿ. ಮನೆಯವರ ಕೆಲಸಕ್ಕೂ ರೇಟು ಹಾಕಿ, ಇಲ್ಲದಿದ್ದರೆ ಅಕ್ಕ ಜ್ವರ ಬಂದು ಒಂದು ವಾರ ಮಲಗಿದರೆ ನಿಮ್ಮ ವ್ಯಾಪಾರವೂ ಮಲಗುತ್ತದೆ ಎಂದು ನಾನು ಹೇಳಿದ್ದೆ. ಅವನು ನಕ್ಕ.

“ಮನೆಯವಳಿಗೆ ಯಾರಾದ್ರೂ ಕೂಲಿ ಕೊಡ್ತಾರೇನಮ್ಮ? ಗುಂಡಿ ಮಾರೋಳು ನಂಗೆ ವ್ಯಾಪಾರ ಕಲಿಸ್ಬೇಡ.”

ಆಮೇಲೆ ಒಂದು ಲಾಡ್ಜಿನ ಕುರ್ಚಿಗಳನ್ನೆಲ್ಲ ಹೊಸದು ಮಾಡುವ ಕೆಲಸ ಸಿಕ್ಕಿತು, ಅರ್ಧ ಹಣ ಮುಂಗಡವಾಗಿ ಕೈಗೆ ಬಂತು. ಮುಂಗಡ ಎಂದರೆ ಸಂಪಾದನೆಯಲ್ಲ. ಕೆಲಸ ಮುಗಿಸಿ ಒಪ್ಪಿಸುವವರೆಗೆ ಅದು ಗಿರಾಕಿಯದೇ ದುಡ್ಡು. ಇವನು ಆ ದುಡ್ಡಿನಲ್ಲಿ ಅಂಗಡಿಗೆ ಗಾಜಿನ ಬಾಗಿಲು ಹಾಕಿಸಿದ, ತನ್ನ ಹೆಸರಿನ ದೊಡ್ಡ ಬೋರ್ಡು ಬರೆಸಿದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಬೋರ್ಡು ಏರಿದ ಮೇಲೆ ನೋಡಿದರೆ ಫೋಮ್ ತರಲು ಕಾಸಿಲ್ಲ.

ಆಗ ಅವನ ಕಣ್ಣು ಮಿಷನ್ನಿನ ಮೇಲೆ ಬಿತ್ತು. ಹಳೆಯ ಕಬ್ಬಿಣ, ಸುಮ್ಮನೆ ಜಾಗ ತಿನ್ನುತ್ತಿದೆ, ಮಾರೋಣ ಎಂದ. ಅಮ್ಮನ ನೆನಪಿಗೆಂದು ಅಕ್ಕನ ಬಳಿ ಉಳಿದಿದ್ದ ವಸ್ತು ಅದೊಂದೇ. ಅವಳು ನೇರ ನನ್ನ ಅಂಗಡಿಗೆ ಬಂದಳು. ಹೊರಗಿನವರ ಪಾಲಾಗುವುದು ಬೇಡ, ನೀನೇ ತಗೋ ಎಂದಳು. ಹೋದೆ. ಮನೆಯಲ್ಲಿ ಕಬ್ಬಿಣವಾಗಿದ್ದದ್ದು ನನ್ನ ಮುಂದೆ ‘ಹಳೇ ಕಾಲದ ಗಟ್ಟಿ ಮಾಲು’ ಆಯಿತು. ನಾಚಿಕೆಯಿಲ್ಲದೆ ಚೌಕಾಸಿ ಮಾಡಿದ. ಹಲ್ಲು ಕಚ್ಚಿಕೊಂಡು ದುಡ್ಡು ಕೊಟ್ಟೆ.

ಫೋಮ್ ಬಂತು. ರೆಕ್ಸಿನ್ ಕತ್ತರಿಸಿದ. ಆ ರಾಶಿಯನ್ನು ಹೊತ್ತು ತಂದು ಅಕ್ಕನ ಮುಂದೆ ಹಾಕಿ, ನಾಡಿದ್ದಿಗೆ ಎಲ್ಲ ಆಗಬೇಕು, ಶುರು ಮಾಡು ಎಂದ. ನಾನು ಅಲ್ಲೇ ಕೂತಿದ್ದೆ.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಕೇಳಿದಳು: “ಯಾವುದ್ರಲ್ಲಿ ಹೊಲೀಲಿ?”

ಅವನು ಬಾಗಿಲ ಪಕ್ಕ ನೋಡಿದ. ನೆಲದ ಮೇಲೆ ಮಿಷನ್ನಿನ ಕಾಲುಗಳ ಗುರುತು ಮಾತ್ರ ಇತ್ತು. ದೇವರಾಣೆ, ಅವನಿಗೆ ನಿಜವಾಗಿಯೂ ಹೊಳೆದಿರಲಿಲ್ಲ. ಹೊಲಿಗೆ ಎಂಬುದು ನಲ್ಲಿಯ ನೀರಿನ ಹಾಗೆ ತಾನೇ ಬರುತ್ತದೆ ಎಂದುಕೊಂಡಿದ್ದ. ಮಾರುವ ದಿನವೇ ಬಾಯಿ ಬಿಡಬಾರದಿತ್ತೇ ಎಂದು ಅವಳ ಮೇಲೆಯೇ ಹರಿಹಾಯ್ದ.

“ಹೇಳೋಕೆ ನಿಮ್ಮ ಲೆಕ್ಕದಲ್ಲಿ ನಾನೆಲ್ಲಿದ್ದೆ?” ಎಂದಳು ಅಕ್ಕ.

ದರ್ಜಿಗಳ ಅಂಗಡಿಗಳನ್ನೆಲ್ಲ ಸುತ್ತಿದ. ಅವರು ಕೇಳಿದ ಕೂಲಿ ಕೊಟ್ಟರೆ ಅವನ ಕೂಲಿಯೂ ಉಳಿಯುತ್ತಿರಲಿಲ್ಲ, ಅಷ್ಟು ಬೇಗ ಮುಗಿಸಿಕೊಡಲೂ ಯಾರೂ ಒಪ್ಪಲಿಲ್ಲ. ಕೊನೆಗೆ ರೆಕ್ಸಿನ್ ಹೊತ್ತು ನನ್ನ ಅಂಗಡಿಗೆ ಬಂದ. ದಾರದ ಉಂಡೆಗಳ ಹಿಂದೆ, ಅಮ್ಮನ ಮಿಷನ್ನಿನ ಮುಂದೆ ಅಕ್ಕ ಕೂತಿದ್ದಳು. ಹೊರಗಿನವರ ರೇಟನ್ನೇ ಹೇಳಿದಳು, ಒಂದು ಕಾಸೂ ಕಡಿಮೆಯಿಲ್ಲ. ಕಟ್ಟಿಕೊಂಡ ಗಂಡನಿಗೂ ರೇಟೇ ಎಂದು ಅವನು ನನ್ನ ಕಡೆ ನೋಡಿದ. ನಾನು ಜಿಪ್ಪುಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದೆ. ಅಂಥ ಸಂತೋಷ ನನಗೆ ಈಚೆಗೆ ಸಿಕ್ಕಿರಲಿಲ್ಲ.

“ಗಂಡಂಗೆ ಮನೇಲಿ ಊಟ ಇದೆ. ಇದು ಅಂಗಡಿಗೆ ರೇಟು,” ಎಂದಳು. “ಅರ್ಧ ಮುಂಗಡ.”

ಮುಂಗಡ ಹೊಂದಿಸಲು ಗಾಜಿನ ಬಾಗಿಲನ್ನು ಬಿಚ್ಚಿ, ಬೋರ್ಡನ್ನು ಇಳಿಸಿ ಮಾರಿದ. ಬೋರ್ಡಿನ ಮೇಲೆ ಅವನ ಹೆಸರಿದ್ದದ್ದರಿಂದ ಅದಕ್ಕೆ ತಗಡಿನ ಬೆಲೆಯಷ್ಟೇ ಸಿಕ್ಕಿತು.

ಕವರುಗಳನ್ನೆಲ್ಲ ಹೊಲಿದು ಒಪ್ಪಿಸಿದ ಕೂಡಲೇ ಅಕ್ಕ ಬಂದ ಕೂಲಿಯಲ್ಲಿ ಒಂದು ಪಾಲು ತೆಗೆದು ನನ್ನ ಮುಂದಿಟ್ಟಳು. ಮಿಷನ್ನಿನ ಮೊದಲ ಕಂತು, ಕೂತ ಜಾಗದ ಬಾಡಿಗೆ. ನಾನು ಹಿಂದಕ್ಕೆ ತಳ್ಳಿದೆ. ಅಕ್ಕತಂಗಿಯರ ಮಧ್ಯೆ ಲೆಕ್ಕ ಏನು ಎಂದೆ.

“ಅವರೂ ಹೀಗೇ ಅಂತಿದ್ರು,” ಎಂದಳು.

ನಾನು ದುಡ್ಡು ಎಣಿಸಿ ಗಲ್ಲಾಪೆಟ್ಟಿಗೆಗೆ ಹಾಕಿಕೊಂಡೆ.